ಟಾರ್ಟನ್ ನೇಯ್ಗೆಯ ಎಳೆಎಣಿಕೆ ಮತ್ತು ಬಟ್ಟೆಯ ತೂಕ: ಇವೆರಡಕ್ಕೂ ಇರುವ ಸಂಬಂಧವೇನು?

ಪ್ರಶ್ನೆ: ಇಳಕಲ್ ಎಳೆ

ಎಲ್ಲರಿಗೂ ನಮಸ್ಕಾರ. ನಾನು ಇಳಕಲ್ಲಿನ ನೇಕಾರರ ಮನೆಯಲ್ಲಿ ಬೆಳೆದವಳು. ಮದುವೆಯಾದ ಮೇಲೆ ಸ್ಕಾಟ್ಲೆಂಡಿಗೆ ಬಂದು ಈಗ ಸ್ಟರ್ಲಿಂಗ್ ಊರಿನಲ್ಲಿ ನೆಲೆಸಿದ್ದೇನೆ. ಮನೆಯಲ್ಲಿ ಕಾಲಿನಿಂದ ತುಳಿಯುವ ಒಂದು ಚಿಕ್ಕ ಮಗ್ಗವಿದೆ. ಅದರಲ್ಲಿ ಹತ್ತಿಯ ಚೌಕಳಿ ಬಟ್ಟೆಗಳನ್ನು ನೇಯ್ದು ಅಭ್ಯಾಸವಿದ್ದುದರಿಂದ, ಈ ಚಳಿಗಾಲದಲ್ಲಿ ಇಲ್ಲಿಯದೇ ಆದ ಟಾರ್ಟನ್ ಎಂಬ ಬಣ್ಣದ ಪಟ್ಟೆಗಳ ಚೌಕಳಿ ವಿನ್ಯಾಸದಲ್ಲಿ ಒಂದು ಉಣ್ಣೆಯ ಶಾಲು ನೇಯಲು ಹೊರಟೆ. ನನಗೆ ಸಿಕ್ಕ ಎಳೆಎಣಿಕೆ (ಯಾವ ಬಣ್ಣದ ಎಷ್ಟು ಎಳೆ ಎಂಬ ಪಟ್ಟಿ) ಹೀಗಿತ್ತು: ಬಿ/48 ಕೆ8 ಜಿ56 ಆರ್/8. ಬಿ ಎಂದರೆ ನೀಲಿ, ಕೆ ಎಂದರೆ ಕಪ್ಪು, ಜಿ ಎಂದರೆ ಹಸಿರು, ಆರ್ ಎಂದರೆ ಕೆಂಪು ಎಂಬುದು ತಿಳಿಯಿತು. ಈ ಸಾಲನ್ನು ಮುಂದಕ್ಕೆ ಓದಿ, ಆಮೇಲೆ ಹಿಂದಕ್ಕೆ ಓದಬೇಕು ಎಂದು ಕೇಳಿದ್ದೆ. ಆದ್ದರಿಂದ ಒಟ್ಟು 120 ಎಳೆಗಳನ್ನು ಎರಡು ಪಟ್ಟು ಮಾಡಿ, ಒಂದು ಆವರ್ತನೆಗೆ (ವಿನ್ಯಾಸ ಒಮ್ಮೆ ಪೂರ್ತಿ ಬರುವ ಭಾಗಕ್ಕೆ) 240 ಎಂದು ಲೆಕ್ಕ ಹಾಕಿ, ಅಂಗುಲಕ್ಕೆ 40 ಎಳೆಯಂತೆ ಹಾಸು, ಅಂದರೆ ಉದ್ದದ ಎಳೆಗಳನ್ನು ಕಟ್ಟಿದೆ. ಆವರ್ತನೆ ಲೆಕ್ಕದಂತೆ ಆರು ಅಂಗುಲವೇ ಬಂದಿತು. ಆದರೆ ನನ್ನ ಬಳಿ ಇರುವ ಗಿರಣಿಯ ಮಾದರಿ ತುಂಡಿನ ಪಕ್ಕದಲ್ಲಿ ಇಟ್ಟು ನೋಡಿದರೆ, ಕೆಂಪು ಗೆರೆ ಮತ್ತು ನೀಲಿ ಪಟ್ಟೆ ಎರಡೂ ಹಸಿರಿಗೆ ಹೋಲಿಸಿದಾಗ ಇರಬೇಕಾದುದರ ಎರಡರಷ್ಟು ಅಗಲವಾಗಿವೆ. ಎಲ್ಲಿ ತಪ್ಪಿದೆ ಎಂದು ತಿಳಿಯುತ್ತಿಲ್ಲ.

ಎರಡನೆಯ ಗೊಂದಲ ತೂಕದ್ದು. ಮಗನ ಪದವಿ ಪ್ರದಾನಕ್ಕೆ ಇದೇ ವಿನ್ಯಾಸದ ಕಿಲ್ಟ್ (ಇಲ್ಲಿನ ಗಂಡಸರು ಸೊಂಟಕ್ಕೆ ಸುತ್ತಿ ತೊಡುವ ನೆರಿಗೆಯ ಉಡುಪು) ಹೊಲಿಸಬೇಕೆಂದಿದ್ದೇವೆ. ಗಿರಣಿಯವರು 13 ಔನ್ಸ್ ಮತ್ತು 16 ಔನ್ಸ್ ಎಂದು ಎರಡು ಮಾದರಿಗಳನ್ನು ಕಳುಹಿಸಿದ್ದಾರೆ. ಎರಡರ ಎಳೆಎಣಿಕೆಯೂ ಒಂದೇ ಎಂದು ಬರೆದಿದ್ದಾರೆ, ಆದರೆ 16 ಔನ್ಸಿನ ಬಟ್ಟೆಯಲ್ಲಿ ಚೌಕಗಳು ದೊಡ್ಡದಾಗಿವೆ. ತೂಕ ಹೆಚ್ಚಿದ್ದರೆ ಎಳೆಗಳು ಒತ್ತಾಗಿರಬೇಕು, ಒತ್ತಾಗಿದ್ದರೆ ಚೌಕ ಚಿಕ್ಕದಾಗಬೇಕು ಎಂಬುದು ನನ್ನ ಎಣಿಕೆಯಾಗಿತ್ತು. ಇಲ್ಲಿ ಅದು ತಿರುಗುಮುರುಗಾಗಿದೆ. ಬೆಂಗಳೂರಿನಲ್ಲಿ ಜೀನ್ಸ್ ಬಟ್ಟೆಯ ವ್ಯಾಪಾರದಲ್ಲಿರುವ ನನ್ನ ತಮ್ಮನಂತೂ "16 ಔನ್ಸ್ ಅಂದರೆ ಚಾಪೆಯ ಹಾಗೆ ನಿಲ್ಲುತ್ತದೆ ಅಕ್ಕಾ, ಅದನ್ನು ತೆಗೆದುಕೊಳ್ಳಬೇಡ" ಎನ್ನುತ್ತಾನೆ. ಕೈಯಲ್ಲಿ ಹಿಡಿದರೆ ಬಟ್ಟೆ ಹಾಗೇನೂ ಇಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ 1: ಹಾಸುಹೊಕ್ಕು

ನಮಸ್ಕಾರ. ನಿಮ್ಮ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ವಿವರವಾಗಿ ಉತ್ತರಿಸುತ್ತೇನೆ. ಅದು ಸ್ಪಷ್ಟವಾದರೆ ಎರಡನೆಯದೂ ಅರ್ಧ ಬಿಡಿಸಿದಂತೆಯೇ.

ತೊಡಕಿನ ಬೇರು ಇರುವುದು "ಕೌಂಟ್" ಎಂಬ ಪದದಲ್ಲಿ. ನಿಮ್ಮ ಊರಿನಲ್ಲಿ 80 ಕೌಂಟ್ ಎಂದರೆ ನೂಲಿನ ನಯ. 840 ಗಜದ 80 ಲಡಿಗಳನ್ನು ತೂಗಿದರೆ ಒಂದು ಪೌಂಡ್ ಆಗುವಷ್ಟು ಸಣ್ಣ ನೂಲು ಎಂದು ಅದರ ಅರ್ಥ. ಹಾಸಿಗೆ ಹೊದಿಕೆಯ ಪೊಟ್ಟಣದ ಮೇಲೆ 300 ಥ್ರೆಡ್ ಕೌಂಟ್ ಎಂದು ಬರೆದಿದ್ದರೆ, ಒಂದು ಚದರ ಅಂಗುಲದಲ್ಲಿ ಹಾಸಿನ ಮತ್ತು ಅಡ್ಡಲಾಗಿ ಹೋಗುವ ಹೊಕ್ಕಿನ ಎಳೆಗಳನ್ನು ಸೇರಿಸಿ ಎಣಿಸಿದ ಸಂಖ್ಯೆ ಅದು. ಟಾರ್ಟನ್ನಿನ ಥ್ರೆಡ್ ಕೌಂಟ್, ಅಂದರೆ ನೀವು ಹೇಳುವ ಎಳೆಎಣಿಕೆ, ಈ ಎರಡೂ ಅಲ್ಲ. ಯಾವ ಬಣ್ಣದ ನಂತರ ಯಾವ ಬಣ್ಣ ಬರುತ್ತದೆ, ಒಂದೊಂದರಲ್ಲಿ ಎಷ್ಟು ಎಳೆ ಇರುತ್ತದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ನೂಲು ದಪ್ಪವೋ ಸಣ್ಣದೋ, ಅಂಗುಲಕ್ಕೆ ಎಷ್ಟು ಎಳೆ, ಬಟ್ಟೆ ಎಷ್ಟು ಭಾರ ಎಂಬ ಯಾವುದನ್ನೂ ಅದು ಹೇಳುವುದಿಲ್ಲ. ರಂಗೋಲಿಯ ಚುಕ್ಕಿ ಲೆಕ್ಕವನ್ನು ನೆನಪಿಸಿಕೊಳ್ಳಿ. "ಹದಿನೈದು ಚುಕ್ಕಿ, ಎಂಟರವರೆಗೆ" ಎಂದರೆ ಆಕೃತಿ ಯಾವುದೆಂದು ತಿಳಿಯುತ್ತದೆಯೇ ಹೊರತು ಅದರ ಅಳತೆ ತಿಳಿಯುವುದಿಲ್ಲ. ದೇವರ ಮುಂದೆ ಒತ್ತಾಗಿ ಚುಕ್ಕಿ ಇಟ್ಟರೆ ಗೇಣಗಲ, ಅಂಗಳದಲ್ಲಿ ದೂರ ದೂರ ಇಟ್ಟರೆ ಮಾರುದ್ದ. ಎಳೆಎಣಿಕೆಯೂ ಹಾಗೆಯೇ.

ಈಗ ನಿಮ್ಮ ಕೆಂಪು ಗೆರೆಯ ವಿಷಯ. ಟಾರ್ಟನ್ನಿನ ಹೆಚ್ಚಿನ ವಿನ್ಯಾಸಗಳು ಕನ್ನಡಿಯಂತೆ ಎರಡು ಕಡೆ ತಿರುಗುತ್ತವೆ. ವಿನ್ಯಾಸವು ಹಿಂದಕ್ಕೆ ತಿರುಗುವ ಆ ಪಟ್ಟೆಗಳನ್ನು ಪಿವಟ್ ಎನ್ನುತ್ತಾರೆ. ನಿಮ್ಮ ಸಾಲಿನಲ್ಲಿ ನೀಲಿ ಮತ್ತು ಕೆಂಪು ಪಿವಟ್‌ಗಳು, ಅವುಗಳ ಪಕ್ಕದ ಓರೆಗೆರೆ ಅದನ್ನೇ ಸೂಚಿಸುತ್ತದೆ. ಓರೆಗೆರೆ ಇದ್ದಾಗ ಆ ಸಂಖ್ಯೆ ಪಟ್ಟೆಯ ಪೂರ್ಣ ಅಗಲವಾಗಿರುತ್ತದೆ. ತಿರುಗುವಾಗ ಅದನ್ನು ಮತ್ತೊಮ್ಮೆ ಎಣಿಸಬಾರದು. ಆದ್ದರಿಂದ ಹಾಸು ಕಟ್ಟಬೇಕಾದ ಕ್ರಮ: ನೀಲಿ 48, ಕಪ್ಪು 8, ಹಸಿರು 56, ಕೆಂಪು 8, ಹಸಿರು 56, ಕಪ್ಪು 8, ಆಮೇಲೆ ಮತ್ತೆ ಮೊದಲಿನ ನೀಲಿ. ಒಟ್ಟು 184 ಎಳೆ, 240 ಅಲ್ಲ. ನೀವು ಎರಡೂ ತುದಿಯಲ್ಲಿ ಪಿವಟ್ಟನ್ನು ಮರುಎಣಿಸಿದ್ದರಿಂದ ಕೆಂಪು 16 ಎಳೆಯಾಯಿತು, ನೀಲಿ 96 ಎಳೆಯಾಯಿತು. ಕೆಲವು ಕಡೆ ಓರೆಗೆರೆಯ ಬದಲು ಪಿವಟ್‌ಗಳನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಇನ್ನು ಕೆಲವರು ಪಿವಟ್‌ಗೆ ಅರ್ಧ ಎಣಿಕೆಯನ್ನಷ್ಟೇ ಕೊಟ್ಟಿರುತ್ತಾರೆ. ನಿಮ್ಮ ವಿನ್ಯಾಸವನ್ನೇ ಹಾಗೆ ಬರೆದರೆ 24, 8, 56, 4 ಎಂದಾಗುತ್ತದೆ. ಆ ಸಾಲನ್ನಾದರೆ ನೀವು ಮಾಡಿದಂತೆ ನೇರವಾಗಿ ಎರಡು ಪಟ್ಟು ಮಾಡಬಹುದು, ಆಗಲೂ 184 ಬರುತ್ತದೆ. ಹಾಸು ಕಟ್ಟುವ ಮೊದಲು ಯಾವ ಪದ್ಧತಿಯಲ್ಲಿ ಬರೆದಿದ್ದಾರೆ ಎಂಬುದನ್ನು ಖಚಿತಪಡಿಸಿಕೊಳ್ಳಲೇಬೇಕು.

184 ಎಳೆಯನ್ನು ಅಂಗುಲಕ್ಕೆ 40ರಂತೆ ಹಾಕಿದರೆ ಆವರ್ತನೆ 4.6 ಅಂಗುಲ ಬರುತ್ತದೆ, 46ರಂತೆ ಹಾಕಿದರೆ ಸರಿಯಾಗಿ 4 ಅಂಗುಲ, 32ರಂತೆ ಹಾಕಿದರೆ 5.75 ಅಂಗುಲ. ಮೂರೂ ಒಂದೇ ಟಾರ್ಟನ್. ನಿಮಗೆ ಆರು ಅಂಗುಲವೇ ಬೇಕಿದ್ದರೆ ಎಲ್ಲ ಸಂಖ್ಯೆಗಳನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಬೇಕು. ಅಂಗುಲಕ್ಕೆ 40 ಎಳೆಯಾದರೆ ನೀಲಿ 62, ಕಪ್ಪು 10, ಹಸಿರು 74, ಕೆಂಪು 10 ಎಂದು ಇಟ್ಟುಕೊಳ್ಳಿ. ಆವರ್ತನೆ 240 ಆಗುತ್ತದೆ, ಪ್ರಮಾಣವೂ ಕೆಡುವುದಿಲ್ಲ. ಹೀಗೆ ಹಿಗ್ಗಿಸುವಾಗ ಸಂಖ್ಯೆಗಳನ್ನು ಸಮಸಂಖ್ಯೆಯಲ್ಲೇ ಉಳಿಸಿಕೊಳ್ಳುವುದು ಹಳೆಯ ರೂಢಿ. ಅದಕ್ಕೆ ಕೈಮಗ್ಗದಲ್ಲಿ ಕಾರಣವೂ ಇದೆ. ಹೊಕ್ಕಿನ ಬಣ್ಣ ಬದಲಿಸುವಾಗ ಲಾಳಿ ಹೋದ ಕಡೆಯಿಂದ ಹೊರಟ ಕಡೆಗೆ ಮರಳಿ ಬಂದಿರಬೇಕು.

ಇನ್ನೊಂದು ಪದದ ಬಗ್ಗೆಯೂ ಎಚ್ಚರಿಕೆ ಬೇಕು. ಟಾರ್ಟನ್ನಿನವರು "ಸೆಟ್" ಎಂದರೆ ಈ ಆವರ್ತನೆಯ ವಿನ್ಯಾಸ. ಕೈಮಗ್ಗ ಕಲಿಸುವವರು "ಸೆಟ್" ಎಂದರೆ ಅಂಗುಲಕ್ಕೆ ಎಷ್ಟು ಎಳೆ ಎಂಬ ಒತ್ತು. ಒಂದೇ ತರಗತಿಯಲ್ಲಿ ಎರಡೂ ಅರ್ಥಗಳು ಓಡಾಡುವುದರಿಂದ ಹೊಸಬರು ದಾರಿ ತಪ್ಪುವುದು ಸಹಜ.

ನೀವು ಸ್ಟರ್ಲಿಂಗ್‌ನಲ್ಲಿ ಇರುವುದರಿಂದ ಒಂದು ಮಾತು ಸೇರಿಸದೆ ಇರಲಾರೆ. ನಿಮ್ಮ ಊರಿನ ದಕ್ಷಿಣಕ್ಕೆ ಅಂಟಿಕೊಂಡಂತಿರುವ ಬ್ಯಾನಕ್‌ಬರ್ನ್‌ನಲ್ಲಿಯೇ ವಿಲ್ಸನ್ ಕುಟುಂಬದ ಪ್ರಸಿದ್ಧ ಟಾರ್ಟನ್ ಕಾರ್ಖಾನೆ ಇದ್ದದ್ದು. ಸೈನ್ಯದ ತುಕಡಿಗಳಿಗೂ ಬಟ್ಟೆ ಒದಗಿಸುತ್ತಿದ್ದ ಅವರು 1819ರಲ್ಲಿ ತಮ್ಮ ವಿನ್ಯಾಸಗಳ ಎಳೆಎಣಿಕೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರು. ಟಾರ್ಟನ್ ಇತಿಹಾಸ ಬರೆಯುವವರಿಗೆ ಇಂದಿಗೂ ಅದು ಮುಖ್ಯ ಆಧಾರ. 1831ರಲ್ಲಿ ಜೇಮ್ಸ್ ಲೋಗನ್ ಪ್ರಕಟಿಸಿದ ಪಟ್ಟಿಯಲ್ಲಿ ಪಟ್ಟೆಗಳ ಅಗಲವನ್ನು ಅಂಗುಲದ ಎಂಟನೇ ಒಂದು ಭಾಗದ ಲೆಕ್ಕದಲ್ಲಿ ಕೊಟ್ಟಿದ್ದರು. ಅಂಗುಲದ ಲೆಕ್ಕ ಓದಲು ಸುಲಭ, ಆದರೆ ಎರಡೇ ಎಳೆಯ ಒಂದು ಬಿಳಿ ಗೆರೆಯನ್ನು ಎಂಟನೇ ಭಾಗದಲ್ಲಿ ಹೇಗೆ ಹೇಳುವುದು? ಎಳೆಯ ಲೆಕ್ಕವೇ ನೇಕಾರನಿಗೆ ಒದಗುವ ಭಾಷೆ ಎಂಬುದು ನನ್ನ ದೃಢವಾದ ಅಭಿಪ್ರಾಯ. 2009ರಲ್ಲಿ ಆರಂಭವಾದ ಸ್ಕಾಟ್ಲೆಂಡ್ ಸರ್ಕಾರದ ಟಾರ್ಟನ್ ನೋಂದಣಿಯಲ್ಲಿಯೂ ಹೊಸ ವಿನ್ಯಾಸವನ್ನು ದಾಖಲಿಸಲು ಎಳೆಎಣಿಕೆಯನ್ನೇ ಕೊಡಬೇಕಾಗುತ್ತದೆ.

ಉತ್ತರ 2: ಗಜಕೋಲು

ಮೇಲಿನವರು ಎಳೆಎಣಿಕೆಯನ್ನು ಬಿಡಿಸಿದ್ದಾರೆ, ನಾನು ತೂಕದ ಲೆಕ್ಕವನ್ನು ಎತ್ತಿಕೊಳ್ಳುತ್ತೇನೆ. ಮೊದಲಿಗೆ ನಿಮ್ಮ ತಮ್ಮನವರ ಮಾತು. ಅವರ ವ್ಯಾಪಾರದ ಮಟ್ಟಿಗೆ ಅವರು ಹೇಳಿದ್ದು ಸರಿ, ಆದರೆ ಎರಡು ಔನ್ಸ್‌ಗಳೂ ಒಂದೇ ಅಲ್ಲ. ಜೀನ್ಸ್ ಬಟ್ಟೆಯ ಔನ್ಸ್ ಎಂದರೆ ಒಂದು ಚದರ ಗಜದ ತೂಕ. ಟಾರ್ಟನ್ನಿನ ಔನ್ಸ್ ಎಂದರೆ ಬಟ್ಟೆಯ ಪೂರ್ಣ ಅಗಲದಲ್ಲಿ ಒಂದು ಗಜ ಉದ್ದ ಕತ್ತರಿಸಿದಾಗ ಬರುವ ತೂಕ. ಜೋಡಿ ಅಗಲದ ಟಾರ್ಟನ್ ಸುಮಾರು 54ರಿಂದ 60 ಅಂಗುಲ ಇರುತ್ತದೆ. 58 ಅಂಗುಲ ಅಗಲದ 16 ಔನ್ಸ್ ಬಟ್ಟೆಯನ್ನು ತೆಗೆದುಕೊಂಡರೆ ಚದರ ಗಜಕ್ಕೆ ಹತ್ತು ಔನ್ಸಿಗೆ ಒಂದಿಷ್ಟು ಕಡಿಮೆ, ಅಂದರೆ ಚದರ ಮೀಟರಿಗೆ ಸುಮಾರು 337 ಗ್ರಾಂ ಆಗುತ್ತದೆ. ನಿಮ್ಮ ತಮ್ಮನವರ ಭಾಷೆಯಲ್ಲಿ ಅದು 10 ಔನ್ಸಿನ ಜೀನ್ಸ್ ಬಟ್ಟೆ. ಅಷ್ಟು ತೂಕದ ಪ್ಯಾಂಟುಗಳನ್ನು ಅವರೇ ಮಾರುತ್ತಿರಬಹುದು. 13 ಔನ್ಸಿನದು ಅದೇ ಅಗಲದಲ್ಲಿ ಚದರ ಮೀಟರಿಗೆ ಸುಮಾರು 274 ಗ್ರಾಂ. ಅಗಲ ಹೇಳದೆ ಔನ್ಸ್ ಮಾತ್ರ ಹೇಳಿದರೆ ಹೋಲಿಕೆ ಅಸಾಧ್ಯ. ಅದೇ 16 ಔನ್ಸನ್ನು 54 ಅಂಗುಲ ಅಗಲದಲ್ಲಿ ನೇಯ್ದರೆ 362 ಗ್ರಾಂ ಆಗುತ್ತದೆ, 60 ಅಂಗುಲದಲ್ಲಿ 325ಕ್ಕೆ ಇಳಿಯುತ್ತದೆ. ಗಿರಣಿಯವರಿಗೆ ಪತ್ರ ಬರೆಯುವಾಗ ತೂಕ, ಅಗಲ ಮತ್ತು ಒಂದು ಆವರ್ತನೆ ಎಷ್ಟು ಅಂಗುಲ ಎಂಬ ಮೂರನ್ನೂ ಒಟ್ಟಿಗೆ ಕೇಳಿ.

ಭಾರವಾದ ಬಟ್ಟೆಯಲ್ಲಿ ಚೌಕ ದೊಡ್ಡದಾಗುವುದು ತಿರುಗುಮುರುಗಾದ ಸಂಗತಿಯಲ್ಲ, ಅದು ಹಾಗೆಯೇ ಆಗಬೇಕು. ತೂಕವನ್ನು ಏರಿಸುವುದು ಮುಖ್ಯವಾಗಿ ನೂಲಿನ ದಪ್ಪ. ದಪ್ಪ ನೂಲು ಹೆಚ್ಚು ಜಾಗ ಬೇಡುತ್ತದೆ, ಹೀಗಾಗಿ ಅಂಗುಲದಲ್ಲಿ ಕಡಿಮೆ ಎಳೆ ಕೂರುತ್ತದೆ. 184 ಎಳೆಗಳು ಹೆಚ್ಚು ಅಂಗುಲಗಳನ್ನು ಆಕ್ರಮಿಸುತ್ತವೆ. ಲೆಕ್ಕ ಹಾಕಿಯೇ ನೋಡೋಣ. ನಯವಾಗಿ ಬಾಚಿ ನೂತ ಉಣ್ಣೆಯನ್ನು ವರ್ಸ್ಟೆಡ್ ಎನ್ನುತ್ತಾರೆ, ಅದರ ಕೌಂಟ್‌ನಲ್ಲಿ ಲಡಿ 840 ಗಜದ್ದಲ್ಲ, 560 ಗಜದ್ದು. 2/16 ಎಂದರೆ 16 ಕೌಂಟಿನ ಎರಡು ಎಳೆ ಹೊಸೆದ ನೂಲು. ಹೊಸೆದ ಮೇಲೆ ಅದು 8 ಕೌಂಟಿಗೆ ಸಮ, ಪೌಂಡಿಗೆ 4480 ಗಜ. ಅದನ್ನು 58 ಅಂಗುಲ ಅಗಲದಲ್ಲಿ ಅಂಗುಲಕ್ಕೆ 40 ಎಳೆಯಂತೆ ಹಾಸಿಗೂ ಹೊಕ್ಕಿಗೂ ಹಾಕಿದರೆ ಒಂದು ಗಜ ಬಟ್ಟೆಗೆ 4640 ಗಜ ನೂಲು ಬೇಕು, ತೂಕ 16.6 ಔನ್ಸ್. ಅದರ ಬದಲು 2/24 ನೂಲನ್ನು, ಅಂದರೆ ಪೌಂಡಿಗೆ 6720 ಗಜ ಬರುವುದನ್ನು, ಅಂಗುಲಕ್ಕೆ 46ರಂತೆ ಹಾಕಿದರೆ 5336 ಗಜ ನೂಲು ಹೋದರೂ ತೂಕ 12.7 ಔನ್ಸ್ ಮಾತ್ರ. ನೇಯುವಾಗ ನೂಲು ಬಳುಕಿ ಸ್ವಲ್ಪ ಹೆಚ್ಚು ಖರ್ಚಾಗುವುದನ್ನು ಇಲ್ಲಿ ಸೇರಿಸಿಲ್ಲ. ಎಳೆ ಹೆಚ್ಚಾಗಿಯೂ ಬಟ್ಟೆ ಹಗುರ, ಎಳೆ ಕಡಿಮೆಯಾಗಿಯೂ ಭಾರ. ನಿಮ್ಮ ಕೈಯಲ್ಲಿರುವ ಎರಡು ಮಾದರಿಗಳಲ್ಲಿ ಕಾಣುತ್ತಿರುವುದೂ ಇದೇ ಆಗಿರಬೇಕು. ಭೂತಗನ್ನಡಿ ಇಟ್ಟು ಎಣಿಸಿದರೆ ತಿಳಿದುಹೋಗುತ್ತದೆ.

ಕಿಲ್ಟ್‌ಗೆ ಯಾವುದು ಎಂದು ಕೇಳಿದರೆ ನಾನು 16 ಔನ್ಸನ್ನೇ ಆರಿಸುತ್ತೇನೆ. ಎಂಟು ಗಜದ ಕಿಲ್ಟ್‌ಗೆ ಜೋಡಿ ಅಗಲದ ನಾಲ್ಕು ಗಜ ಬಟ್ಟೆಯನ್ನು ಉದ್ದಕ್ಕೆ ಸೀಳಿ, ಎರಡು ಪಟ್ಟಿಗಳನ್ನು ಜೋಡಿಸುತ್ತಾರೆ. 16 ಔನ್ಸಿನಲ್ಲಿ ಆ ಬಟ್ಟೆ 1.8 ಕಿಲೋ ತೂಗುತ್ತದೆ, 13 ಔನ್ಸಿನಲ್ಲಿ ಒಂದೂವರೆ ಕಿಲೋಗೆ ಸ್ವಲ್ಪ ಕಡಿಮೆ. ವ್ಯತ್ಯಾಸ ಮುನ್ನೂರು ಗ್ರಾಂ ಚಿಲ್ಲರೆಯಷ್ಟೆ. ಆದರೆ ಭಾರವಾದ ಬಟ್ಟೆಯ ನೆರಿಗೆ ಇಸ್ತ್ರಿ ಹಾಕಿದ ಹಾಗೆ ನಿಲ್ಲುತ್ತದೆ, ನಡೆಯುವಾಗ ತೂಗುತ್ತದೆ, ಸ್ಕಾಟ್ಲೆಂಡಿನ ಗಾಳಿಗೆ ಹಾರುವುದಿಲ್ಲ. ನಿಮ್ಮ ಮಗನು ಅದನ್ನು ಮುಂದೆ ಕರ್ನಾಟಕದ ಮದುವೆಗಳಲ್ಲೂ ತೊಡುವ ಆಲೋಚನೆ ಇದ್ದರೆ ಮಾತ್ರ 13 ಔನ್ಸಿನ ಬಗ್ಗೆ ಯೋಚಿಸಿ. ಆವರ್ತನೆಯ ಅಳತೆಯೂ ಇಲ್ಲಿ ಮುಖ್ಯ. ಪ್ರತಿ ನೆರಿಗೆಯಲ್ಲಿ ಒಂದು ಪೂರ್ಣ ಆವರ್ತನೆ ಅಡಗುವಂತೆ ಮಡಿಸಿದರೆ, ಹಿಂದಿನಿಂದ ನೋಡಿದಾಗಲೂ ಚೌಕಳಿ ಮುರಿಯದೆ ಕಾಣುತ್ತದೆ. ನೆರಿಗೆಗೆ 210 ಅಂಗುಲ ಬಟ್ಟೆ ಉಳಿದಿದೆ ಎಂದಿಟ್ಟುಕೊಳ್ಳಿ. ಆವರ್ತನೆ ಏಳೂವರೆ ಅಂಗುಲವಿದ್ದರೆ 28 ನೆರಿಗೆ, ಐದು ಅಂಗುಲವಿದ್ದರೆ 42. ಹೊಲಿಯುವವರನ್ನು ಕೇಳದೆ ಬಟ್ಟೆ ತರಿಸಬೇಡಿ.

ಇಳಕಲ್ ಎಳೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಭೂತಗನ್ನಡಿ ಇಟ್ಟು ಎಣಿಸಿದೆ. 16 ಔನ್ಸಿನ ಮಾದರಿಯಲ್ಲಿಯೇ ಅಂಗುಲಕ್ಕೆ ಎಳೆ ಕಡಿಮೆ ಇವೆ. ತಮ್ಮನಿಗೂ ಈ ಲೆಕ್ಕವನ್ನು ಕಳುಹಿಸಿದ್ದೇನೆ. ಕಿಲ್ಟ್‌ನ ವಿಷಯ ಇತ್ಯರ್ಥವಾಯಿತು, 16 ಔನ್ಸೇ ಆಗಲಿ. ಶಾಲಿನ ಹಾಸನ್ನು ಬಿಚ್ಚಿ, ಆರು ಅಂಗುಲದ ಆವರ್ತನೆಗೆ 62, 10, 74, 10ರಂತೆ ಮತ್ತೆ ಕಟ್ಟುತ್ತೇನೆ. ಸುಮಾರು 27 ಅಂಗುಲ ಅಗಲ ಬೇಕು, ಅಂದರೆ ನಾಲ್ಕೂವರೆ ಆವರ್ತನೆ, 1080 ಎಳೆ. ಇದು ಸರಿಯೇ? ಇದಲ್ಲದೆ, ನೆರೆಮನೆಯ ಹಿರಿಯರು ತಮ್ಮ ತಾಯಿಯ ಕಾಲದ ಒಂದು ಹಳೆಯ ಶಾಲನ್ನು ಕೊಟ್ಟು, ಅದರಂತೆಯೇ ಇನ್ನೊಂದು ನೇಯಲು ಸಾಧ್ಯವೇ ಎಂದು ಕೇಳಿದ್ದಾರೆ. ಅದರ ಎಳೆಎಣಿಕೆ ಎಲ್ಲಿಯೂ ಬರೆದಿಟ್ಟಿಲ್ಲ.

ಉತ್ತರ 3: ಉಣ್ಣೆಲಡಿ

ನಾಲ್ಕೂವರೆ ಆವರ್ತನೆ ಬೇಡ. ಅರ್ಧಕ್ಕೆ ನಿಲ್ಲಿಸಿದರೆ ಒಂದು ಅಂಚು ನೀಲಿಯಲ್ಲಿ ಆರಂಭವಾಗಿ ಇನ್ನೊಂದು ಅಂಚು ಹಸಿರಿನಲ್ಲಿ ಮುಗಿಯುತ್ತದೆ, ಹೊದ್ದಾಗ ಎರಡು ಹೆಗಲ ಮೇಲೂ ಬೇರೆ ಬೇರೆ ಬಣ್ಣ ಬೀಳುತ್ತದೆ. ನಾಲ್ಕು ಪೂರ್ಣ ಆವರ್ತನೆಗಳ ಕೊನೆಗೆ ಇನ್ನೊಂದು ನೀಲಿ ಪಟ್ಟೆಯನ್ನು ಸೇರಿಸಿ. 960ಕ್ಕೆ 62 ಸೇರಿ 1022 ಎಳೆ, ಎರಡು ಅಂಚೂ ನೀಲಿ, ಅಗಲ ಇಪ್ಪತ್ತೈದೂವರೆ ಅಂಗುಲ. ನಮ್ಮ ಸೀರೆಗಳ ಎರಡು ಅಂಚೂ ಹೊಂದಬೇಕೆಂದು ನಾವು ನೋಡುವುದಿಲ್ಲವೇ, ಇದೂ ಅದೇ ಕಣ್ಣು.

ಒತ್ತನ್ನು ನಿರ್ಧರಿಸಲು ನೂಲನ್ನು ಒಂದು ಅಳತೆಪಟ್ಟಿಗೆ ಒಂದರ ಪಕ್ಕ ಒಂದು ತಾಗುವಂತೆ, ಎಳೆಯದೆ ಸುತ್ತಿ, ಅಂಗುಲಕ್ಕೆ ಎಷ್ಟು ಸುತ್ತು ಬರುತ್ತದೆ ಎಂದು ಎಣಿಸಿ. ಸಾದಾ ನೇಯ್ಗೆಗೆ ಅದರ ಅರ್ಧ, ಎರಡರ ಮೇಲೆ ಎರಡರ ಕೆಳಗೆ ಹೋಗುವ ಟ್ವಿಲ್ ನೇಯ್ಗೆಗೆ ಅದರ ಮೂರನೇ ಎರಡು ಭಾಗ. 60 ಸುತ್ತು ಬಂದರೆ ಟ್ವಿಲ್‌ಗೆ 40. ಟಾರ್ಟನ್ನನ್ನು ಸಾಮಾನ್ಯವಾಗಿ ಟ್ವಿಲ್‌ನಲ್ಲಿಯೇ ನೇಯುತ್ತಾರೆ. ಎರಡು ಬಣ್ಣ ಕೂಡಿದ ಕಡೆ ಸಣ್ಣ ಓರೆಗೆರೆಗಳಾಗಿ ಕಾಣುವ ಆ ಮಿಶ್ರಬಣ್ಣ ಬರುವುದು ಅದರಿಂದಲೇ. ನಿಮ್ಮ ನಾಲ್ಕು ಬಣ್ಣಗಳಿಂದ ಆರು ಮಿಶ್ರಬಣ್ಣ ಹುಟ್ಟಿ, ಒಟ್ಟು ಹತ್ತು ಛಾಯೆ ಕಾಣುತ್ತವೆ.

ಹಳೆಯ ಶಾಲಿನ ಎಳೆಎಣಿಕೆಯನ್ನು ಬಟ್ಟೆಯಿಂದಲೇ ತೆಗೆಯಬಹುದು, ತಾಳ್ಮೆ ಬೇಕು. ಮೊದಲು ಪಿವಟ್‌ಗಳನ್ನು ಹುಡುಕಿ. ಒಂದು ಚಿಕ್ಕ ಕನ್ನಡಿಯನ್ನು ಪಟ್ಟೆಯ ನಡುವೆ ನೆಟ್ಟಗೆ ನಿಲ್ಲಿಸಿ, ಕನ್ನಡಿಯೊಳಗಿನ ಬಿಂಬವೂ ಅದರ ಹಿಂದಿನ ಬಟ್ಟೆಯೂ ಒಂದೇ ಆಗಿದ್ದರೆ ಅದು ಪಿವಟ್. ಎಲ್ಲಿ ಇಟ್ಟರೂ ಹೊಂದದಿದ್ದರೆ ಅದು ಬ್ಯೂಕಾನನ್ ಟಾರ್ಟನ್ನಿನಂತೆ ಹಿಂದಿರುಗದ ವಿನ್ಯಾಸವಾಗಿರಬಹುದು. ಅಂಥದ್ದರಲ್ಲಿ ಪೂರ್ಣ ಆವರ್ತನೆಯನ್ನೇ ಎಣಿಸಿ, ಅದೇ ದಿಕ್ಕಿನಲ್ಲಿ ಮುಂದುವರಿಸಬೇಕು. ಆಮೇಲೆ ಭೂತಗನ್ನಡಿಯ ಕೆಳಗೆ ಸೂಜಿಯ ತುದಿಯಿಂದ ಎಳೆಗಳನ್ನು ಎಣಿಸಿ. ಪ್ರತಿ ಪಟ್ಟೆಯನ್ನೂ ಮೂರು ಬೇರೆ ಬೇರೆ ಜಾಗದಲ್ಲಿ ಎಣಿಸಿ ಹೋಲಿಸಿ, ಒಂದೆರಡು ಎಳೆ ತಪ್ಪುವುದು ಎಲ್ಲರಿಗೂ ಆಗುತ್ತದೆ. ಕುಚ್ಚು ಬಿಟ್ಟಿರುವ ತುದಿಯಿದ್ದರೆ ಅಲ್ಲಿ ಹಾಸಿನ ಎಳೆಗಳು ಬಿಡಿಬಿಡಿಯಾಗಿ ಸಿಗುತ್ತವೆ, ಎಣಿಸಲು ಅದೇ ಅನುಕೂಲ. ಅಂಗುಲಕ್ಕೆ ಎಷ್ಟು ಎಳೆ ಎಂಬುದನ್ನು ಹಾಸಿನಲ್ಲೂ ಹೊಕ್ಕಿನಲ್ಲೂ ಪ್ರತ್ಯೇಕವಾಗಿ ಬರೆದುಕೊಳ್ಳಿ, ಶಾಲನ್ನು ತೂಗಿ ಉದ್ದ ಅಗಲಗಳನ್ನೂ ಬರೆದುಕೊಳ್ಳಿ. ಇವಿಷ್ಟಿದ್ದರೆ ಯಾವ ದಪ್ಪದ ನೂಲು ತರಬೇಕೆಂಬುದನ್ನು ಗಜಕೋಲು ಅವರು ತೋರಿಸಿದ ಲೆಕ್ಕವನ್ನೇ ಹಿಂದುಮುಂದು ಮಾಡಿ ಕಂಡುಕೊಳ್ಳಬಹುದು.

ಹತ್ತಿಯಲ್ಲಿ ಪಳಗಿದ ಕೈಗೆ ಉಣ್ಣೆಯಲ್ಲಿ ಹೊಸದೆನಿಸುವುದು ಕುಗ್ಗುವಿಕೆ. ಮಗ್ಗದಿಂದ ಇಳಿಸಿ ಬಿಸಿನೀರಿನಲ್ಲಿ ತೊಳೆದ ಮೇಲೆಯೇ ಉಣ್ಣೆ ಬಟ್ಟೆಯಾಗುತ್ತದೆ. ನಿಮ್ಮ ನೂಲು ನೂರಕ್ಕೆ ಹತ್ತರಷ್ಟು ಕುಗ್ಗುವುದಾದರೆ, ತೊಳೆದ ಮೇಲೆ 40 ಬರಬೇಕಾದ ಒತ್ತನ್ನು ಮಗ್ಗದಲ್ಲಿ 36ಕ್ಕೆ ಇಡಬೇಕು. ಆಗ 1022 ಎಳೆ ಹಣಿಗೆಯಲ್ಲಿ 28.4 ಅಂಗುಲ ಹರಡಿಕೊಂಡಿರುತ್ತದೆ. ಹೊಕ್ಕನ್ನೂ ಅದೇ ಒತ್ತಿನಲ್ಲಿ ಬಡಿಯಿರಿ, ಇಲ್ಲದಿದ್ದರೆ ಚೌಕಗಳು ಇಟ್ಟಿಗೆಯಂತೆ ಉದ್ದವಾಗುತ್ತವೆ. ಒಂದು ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಿಸಿ ನೇಯ್ದ ಭಾಗದ ಮೇಲೆ ಇಟ್ಟು ನೋಡುತ್ತಿರಿ, ನೀಲಿಯ ಮೇಲೆ ನೀಲಿ ಬಿದ್ದ ಚೌಕಗಳ ಮೂಲೆಗಳು ಆ ಮಡಿಕೆಯ ಮೇಲೆಯೇ ಸಾಲಾಗಿ ಬರಬೇಕು. ದೊಡ್ಡ ಹಾಸನ್ನು ಬಿಚ್ಚುವ ಮೊದಲು ಅದೇ ನೂಲಿನಲ್ಲಿ ಎಂಟು ಅಂಗುಲದ ಒಂದು ತುಂಡು ನೇಯ್ದು, ತೊಳೆದು, ಒಣಗಿಸಿ ಅಳೆಯಿರಿ. ಆ ತುಂಡಿನಲ್ಲಿ ಬಂದ ಅಳತೆಯನ್ನು ಇಲ್ಲಿ ಬರೆದರೆ ಉಳಿದ ಲೆಕ್ಕವನ್ನು ಒಟ್ಟಿಗೆ ಹಾಕೋಣ.